ಚಾಟ್‌ಬಾಟ್ ಕೊಟ್ಟ ಮಾತಿಗೆ ಹೊಣೆ ಯಾರದು?

2022ರ ನವೆಂಬರಿನಲ್ಲಿ ಕೆನಡಾದ ಒಬ್ಬರು, ತೀರಿಕೊಂಡ ತಮ್ಮ ಅಜ್ಜಿಯ ಅಂತ್ಯಕ್ರಿಯೆಗೆ ಹೊರಡುವ ಅವಸರದಲ್ಲಿ ಏರ್ ಕೆನಡಾದ ವೆಬ್‌ಸೈಟ್ ತೆರೆದರು. ಸಾವಿನ ಮನೆಗೆ ಹೋಗುವವರಿಗೆ ಆ ವಿಮಾನ ಸಂಸ್ಥೆ ದರದಲ್ಲಿ ರಿಯಾಯಿತಿ ಕೊಡುತ್ತಿತ್ತು. ಅದನ್ನು ಪಡೆಯುವುದು ಹೇಗೆ ಎಂದು ಅಲ್ಲಿದ್ದ ಚಾಟ್‌ಬಾಟನ್ನು ಕೇಳಿದರು. ಈಗಾಗಲೇ ಟಿಕೆಟ್ ತೆಗೆದುಕೊಂಡಿದ್ದರೂ 90 ದಿನಗಳೊಳಗೆ ಅರ್ಜಿ ಹಾಕಿದರೆ ಸಾಕು ಎಂಬ ಅರ್ಥದ ಉತ್ತರ ಬಂತು. ಅದನ್ನು ನಂಬಿ ಪೂರ್ತಿ ದರ ಕೊಟ್ಟು ಹೋಗಿಬಂದರು. ಆಮೇಲೆ ಅರ್ಜಿ ಹಾಕಿದರೆ ಹಣ ಬರಲಿಲ್ಲ. ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ನಿಯಮಗಳ ಪುಟದಲ್ಲಿ ಹಾಗೆಂದು ಬರೆದಿದೆ, ಚಾಟ್‌ಬಾಟ್ ಆ ಪುಟದ ಕೊಂಡಿಯನ್ನೂ ಕೊಟ್ಟಿತ್ತು ಎಂದಿತು ಸಂಸ್ಥೆ.

ವ್ಯಾಜ್ಯ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸಿವಿಲ್ ರೆಸಲ್ಯೂಷನ್ ಟ್ರಿಬ್ಯೂನಲ್ ಎಂಬ ನ್ಯಾಯಮಂಡಳಿಯ ಮೆಟ್ಟಿಲೇರಿತು. 2024ರ ಫೆಬ್ರುವರಿಯಲ್ಲಿ ತೀರ್ಪು ಗ್ರಾಹಕರ ಪರವಾಗಿ ಬಂತು. ಪರಿಹಾರ, ಬಡ್ಡಿ, ಶುಲ್ಕ ಎಲ್ಲ ಸೇರಿ ಸುಮಾರು 812 ಕೆನಡಾ ಡಾಲರ್. ವಿಮಾನ ಸಂಸ್ಥೆಯೊಂದಕ್ಕೆ ಈ ಮೊತ್ತ ಯಾವ ಲೆಕ್ಕ? ಸುದ್ದಿಯಾದದ್ದು ಅದರ ವಾದ. ಚಾಟ್‌ಬಾಟ್ ಕೊಟ್ಟ ಮಾಹಿತಿಗೆ ತಾನು ಹೊಣೆಯಲ್ಲ ಎಂದು ಸಂಸ್ಥೆ ವಾದಿಸಿತ್ತು. ಹಾಗಾದರೆ ಚಾಟ್‌ಬಾಟ್ ತನ್ನ ಕೆಲಸಕ್ಕೆ ತಾನೇ ಜವಾಬ್ದಾರಿ ಹೊರುವ ಬೇರೊಂದು ಕಾನೂನುಬದ್ಧ ವ್ಯಕ್ತಿ ಎಂದಂತಾಯಿತಲ್ಲ ಎಂದು ಮಂಡಳಿ ಬೆರಗಾಯಿತು. ವೆಬ್‌ಸೈಟಿನಲ್ಲಿ ಇರುವುದೆಲ್ಲ ಸಂಸ್ಥೆಯದೇ ಮಾತು, ಅದು ಪುಟದಲ್ಲಿದ್ದರೇನು, ಬಾಟ್‌ನಿಂದ ಬಂದರೇನು. ಒಂದು ಕಡೆ ಓದಿದ್ದು ಇನ್ನೊಂದು ಕಡೆ ಬರೆದದ್ದಕ್ಕೆ ಹೊಂದುತ್ತದೆಯೇ ಎಂದು ಗ್ರಾಹಕ ತಾಳೆ ನೋಡುತ್ತ ಕೂರಬೇಕಿಲ್ಲ ಎಂಬುದು ತೀರ್ಪಿನ ತಿರುಳು.

ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಅಂದರೆ ಈ ಘಟನೆ ಈಗಿನ ಅಬ್ಬರ ಶುರುವಾಗುವ ಮೊದಲಿನದು. ಅಬ್ಬರದ ನಂತರ ಬಂದ ಬಾಟ್‌ಗಳು ಇದಕ್ಕಿಂತ ಎಷ್ಟೋ ಸೊಗಸಾಗಿ ಮಾತಾಡುತ್ತವೆ. ಅದರಿಂದಲೇ ಹೊಣೆಯ ಪ್ರಶ್ನೆ ಇನ್ನಷ್ಟು ಜಟಿಲವಾಗಿದೆ. ಸಾರ್ವಜನಿಕರಿಗಾಗಿ ಬಾಟ್ ಕಟ್ಟುವ ಕಂಪನಿಗಳಲ್ಲಿ, ಸರ್ಕಾರಿ ಇಲಾಖೆಗಳಲ್ಲಿ ಚರ್ಚೆಯೆಲ್ಲ ಅದು ಎಷ್ಟು ಜಾಣ ಎಂಬುದರ ಸುತ್ತ ನಡೆಯುತ್ತದೆ. ಅದು ತಪ್ಪಿದಾಗ ನಷ್ಟ ಯಾರ ತಲೆಗೆ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಂಡವರು ಕಡಿಮೆ. ನನ್ನ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ಮೊದಲು ಬರಬೇಕಾದದ್ದು. ಯಾಕೆಂದರೆ ತಪ್ಪು ಈ ತಂತ್ರಜ್ಞಾನದ ಒಳಗೇ ಇದೆ.

ತಪ್ಪು ಎಲ್ಲಿಂದ ಬರುತ್ತದೆ

ಹಳೆಯ ಕಾಲದ ಚಾಟ್‌ಬಾಟ್‌ಗಳು ಯಾರೋ ಬರೆದಿಟ್ಟ ಉತ್ತರಗಳನ್ನು ಒಪ್ಪಿಸುತ್ತಿದ್ದವು. ಪ್ರಶ್ನೆಯಲ್ಲಿ ಇಂಥ ಪದ ಕಂಡರೆ ಇಂಥ ಉತ್ತರ, ಅಷ್ಟೇ. ಅವು ಪೆದ್ದಾಗಿದ್ದವು, ಆದರೆ ಹೊಸ ಸುಳ್ಳು ಹುಟ್ಟಿಸುತ್ತಿರಲಿಲ್ಲ. ಈಗಿನವು ದೊಡ್ಡ ಭಾಷಾ ಮಾದರಿಗಳ ಮೇಲೆ ನಿಂತಿವೆ. 2017ರಲ್ಲಿ ಗೂಗಲ್ ಸಂಶೋಧಕರು ಮುಂದಿಟ್ಟ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸ ಇವುಗಳ ಬುನಾದಿ. ಮಾದರಿಗೆ ಅಪಾರ ಪಠ್ಯವನ್ನು ಉಣಿಸಿ, ಇಷ್ಟು ಪದಗಳಾದ ಮೇಲೆ ಮುಂದಿನ ತುಣುಕು ಯಾವುದಿರಬಹುದು ಎಂದು ಊಹಿಸುವ ಅಭ್ಯಾಸ ಮಾಡಿಸುತ್ತಾರೆ. ಈ ತುಣುಕಿಗೆ ಟೋಕನ್ ಎಂದು ಹೆಸರು. ಉತ್ತರ ಕೊಡುವಾಗಲೂ ನಡೆಯುವುದು ಅದೇ: ಒಂದು ಟೋಕನ್, ಅದಕ್ಕೆ ಹೊಂದುವ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು.

ಈ ವ್ಯವಸ್ಥೆಯೊಳಗೆ ಸಂಗತಿಗಳನ್ನು ಬಿಡಿಬಿಡಿಯಾಗಿ ಜೋಡಿಸಿಟ್ಟ ಕಪಾಟು ಎಲ್ಲೂ ಇಲ್ಲ. ನಿಜವಾದ ವಾಕ್ಯ ಹೊರಡುವ ದಾರಿಯಲ್ಲೇ ಸುಳ್ಳು ವಾಕ್ಯವೂ ಹೊರಡುತ್ತದೆ, ಅಷ್ಟೇ ಸರಾಗವಾಗಿ, ಅಷ್ಟೇ ಠೀವಿಯಿಂದ. ತಡವರಿಸುವ ದನಿ, ತಪ್ಪಿಸುವ ನೋಟ ಮುಂತಾಗಿ ಮನುಷ್ಯರ ಮಾತನ್ನು ಅಳೆಯಲು ನಾವು ಬಳಸುವ ಯಾವ ಸುಳಿವೂ ಇಲ್ಲಿ ಸಿಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಇಬ್ಬರು ವಕೀಲರು ಮತ್ತು ಅವರ ಸಂಸ್ಥೆಗೆ 5,000 ಡಾಲರ್ ದಂಡ ಬಿತ್ತು. ಅವರು ಉಲ್ಲೇಖಿಸಿದ್ದ ಹಳೆಯ ತೀರ್ಪುಗಳಲ್ಲಿ ಹಲವು ಚಾಟ್‌ಜಿಪಿಟಿ ಹೆಣೆದವು. ಅಂಥ ಮೊಕದ್ದಮೆಗಳು ಎಂದೂ ನಡೆದಿರಲಿಲ್ಲ. ಇವು ನಿಜವೇ ಎಂದು ಬಾಟನ್ನೇ ಕೇಳಿದಾಗ, ಹೌದು, ನಿಜ ಎಂದು ಅದು ಉತ್ತರಿಸಿತ್ತು.

‘ಗೊತ್ತಿಲ್ಲ’ ಎಂದು ಹೇಳಿಬಿಟ್ಟರೇನು ಕಷ್ಟ? ಈ ಪ್ರಶ್ನೆಗೆ ಚಾಟ್‌ಜಿಪಿಟಿ ಕಟ್ಟಿದ ಓಪನ್‌ಎಐ ಕಂಪನಿಯ ಸಂಶೋಧಕರು 2025ರಲ್ಲಿ ಕೊಟ್ಟ ವಿವರಣೆ ನನಗೆ ಹಿಡಿಸಿತು. ಋಣಾತ್ಮಕ ಅಂಕವಿಲ್ಲದ ಬಹುಆಯ್ಕೆ ಪರೀಕ್ಷೆಯಲ್ಲಿ ಖಾಲಿ ಬಿಡುವುದಕ್ಕಿಂತ ಕಣ್ಣುಮುಚ್ಚಿ ಒಂದನ್ನು ಗುರುತು ಮಾಡುವುದೇ ಲಾಭ. ಮಾದರಿಗಳನ್ನು ಅಳೆಯುವ ಪರೀಕ್ಷೆಗಳೂ ಬಹುಪಾಲು ಇದೇ ತರಹದವು. ಗೊತ್ತಿಲ್ಲವೆಂದರೆ ಸೊನ್ನೆ, ಊಹಿಸಿದರೆ ಒಮ್ಮೊಮ್ಮೆಯಾದರೂ ಅಂಕ. ಹೀಗೆ ಪಳಗಿದ ಮಾದರಿ ಊಹೆಗೆ ಒಗ್ಗಿಕೊಂಡರೆ ಆಶ್ಚರ್ಯವಿಲ್ಲ.

ಇದಕ್ಕೆ ಉದ್ಯಮ ಕಂಡುಕೊಂಡ ಸಾಮಾನ್ಯ ಮದ್ದು, ಬಾಟ್ ತನ್ನ ನೆನಪಿನಿಂದ ಉತ್ತರಿಸದಂತೆ ಮಾಡುವುದು. ಸಂಸ್ಥೆಯ ನಿಯಮಪುಸ್ತಕ, ಸುತ್ತೋಲೆ, ಪ್ರಶ್ನೋತ್ತರಗಳನ್ನೆಲ್ಲ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಅರ್ಥವನ್ನು ಸಂಖ್ಯೆಗಳ ಸರಣಿಯಾಗಿ ಬದಲಿಸಿ ಇಟ್ಟುಕೊಳ್ಳುತ್ತಾರೆ. ಬಂದ ಪ್ರಶ್ನೆಯನ್ನೂ ಹಾಗೆಯೇ ಸಂಖ್ಯೆಗಳಾಗಿಸಿ, ಅದಕ್ಕೆ ಹತ್ತಿರವಾದ ನಾಲ್ಕಾರು ತುಂಡುಗಳನ್ನು ಹೆಕ್ಕಿ, ‘ಇದನ್ನು ಓದಿ ಇದರಲ್ಲಿರುವಷ್ಟನ್ನೇ ಹೇಳು’ ಎಂದು ಮಾದರಿಗೆ ಕೊಡುತ್ತಾರೆ. ‘ರ್‍ಯಾಗ್’ ಎಂದು ಕರೆಯುವ ಈ ವಿಧಾನ 2020ರಿಂದೀಚೆಗೆ ರೂಢಿಗೆ ಬಂತು. ಇವತ್ತು ಬ್ಯಾಂಕು, ಆಸ್ಪತ್ರೆ, ಇಲಾಖೆಗಳ ಬಾಟ್‌ಗಳಲ್ಲಿ ಈ ವಿಧಾನವೇ ಹೆಚ್ಚು ಬಳಕೆಯಲ್ಲಿದೆ.

ಇದರಿಂದ ತಪ್ಪುಗಳು ಖಂಡಿತ ಕಡಿಮೆಯಾಗುತ್ತವೆ. ಆದರೆ ಮಾರಾಟಗಾರರು ಹೇಳುವಷ್ಟು ಅಲ್ಲ. ಒಂದು ನಿಯಮವನ್ನು ಊಹಿಸಿಕೊಳ್ಳಿ: ಮೊದಲ ಪ್ಯಾರಾದಲ್ಲಿ ‘ಅರ್ಜಿದಾರರಿಗೆ ಶುಲ್ಕ ವಾಪಸ್ ಸಿಗುತ್ತದೆ’ ಎಂದಿದೆ, ಎರಡು ಪ್ಯಾರಾ ಬಿಟ್ಟು ‘ಆದರೆ ಈ ಕೆಳಗಿನವರಿಗೆ ಇದು ಅನ್ವಯಿಸುವುದಿಲ್ಲ’ ಎಂದಿದೆ. ಕತ್ತರಿಸುವಾಗ ನಿಯಮ ಒಂದು ತುಂಡಿಗೆ ಹೋಯಿತು, ‘ಆದರೆ’ ಇನ್ನೊಂದಕ್ಕೆ. ಹುಡುಕಾಟದಲ್ಲಿ ಮೊದಲನೆಯದಷ್ಟೇ ಸಿಕ್ಕಿತು. ಬಾಟ್ ತನಗೆ ಕೊಟ್ಟ ಕಾಗದವನ್ನು ಪ್ರಾಮಾಣಿಕವಾಗಿ ಓದಿ ಹೇಳಿದರೂ ಉತ್ತರ ತಪ್ಪು. ಹಳೆಯ ಸುತ್ತೋಲೆಯನ್ನು ಯಾರೂ ತೆಗೆದುಹಾಕಿಲ್ಲದಿದ್ದರೆ ರದ್ದಾದ ನಿಯಮವೇ ಹೊಸದೆಂಬಂತೆ ಹೊರಬರುತ್ತದೆ. ಕೋಷ್ಟಕಗಳ ಪಾಡಂತೂ ಕೇಳುವುದೇ ಬೇಡ. ಪಿಡಿಎಫ್‌ನಿಂದ ಪಠ್ಯ ಎಳೆಯುವಾಗ ಸಾಲು ಕಾಲಮುಗಳು ಕಲಸಿಹೋಗಿ, ಯಾರದೋ ದರ ಯಾರಿಗೋ ಅಂಟಿಕೊಳ್ಳುತ್ತದೆ. ಇವುಗಳಲ್ಲಿ ಒಂದೂ ಕೃತಕ ಬುದ್ಧಿಮತ್ತೆಯ ಸಮಸ್ಯೆಯಲ್ಲ, ಕಡತ ಇಡುವ ಶಿಸ್ತಿನ ಸಮಸ್ಯೆ. ಬಾಟ್ ಯೋಜನೆಗಳಿಗೆ ಹಣ ಮಂಜೂರು ಮಾಡುವವರು ಈ ಕೆಲಸಕ್ಕೆ ಎಷ್ಟು ಜನ ಬೇಕು ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ನ್ಯೂಯಾರ್ಕ್ ನಗರಾಡಳಿತದ ಅನುಭವ ಇಲ್ಲಿ ಪಾಠವಾಗಬೇಕಿತ್ತು. ವ್ಯಾಪಾರ ಶುರುಮಾಡುವವರಿಗೆ ನಗರದ ನಿಯಮಗಳನ್ನು ತಿಳಿಸಲೆಂದು 2023ರ ಅಕ್ಟೋಬರಿನಲ್ಲಿ ಅದು ‘ಮೈಸಿಟಿ’ ಚಾಟ್‌ಬಾಟನ್ನು ಬಿಡುಗಡೆ ಮಾಡಿತು. ‘ದಿ ಮಾರ್ಕಪ್’ ಎಂಬ ಸುದ್ದಿಸಂಸ್ಥೆ 2024ರ ಮಾರ್ಚಿನಲ್ಲಿ ಅದನ್ನು ಪರೀಕ್ಷಿಸಿತು. ನೌಕರರಿಗೆ ಬಂದ ಟಿಪ್ಸ್‌ನಲ್ಲಿ ಮಾಲೀಕರು ಪಾಲು ತೆಗೆದುಕೊಳ್ಳಬಹುದು ಎಂದಿತು ಬಾಟ್. ಅಂಗಡಿಯವರು ನಗದು ಬೇಡವೆನ್ನಬಹುದು ಎಂದಿತು. ಸರ್ಕಾರದ ಬಾಡಿಗೆ ನೆರವು ಪಡೆಯುವವರಿಗೆ ಮನೆ ಕೊಡದೆ ಇರಬಹುದು ಎಂದೂ ಹೇಳಿತು. ಮೂರೂ ಆ ನಗರದಲ್ಲಿ ಕಾನೂನುಬಾಹಿರ. ಕಾನೂನು ಪಾಲಿಸಲು ನೆರವಾಗಬೇಕಿದ್ದ ಬಾಟ್, ಸರ್ಕಾರದ್ದೇ ಮುದ್ರೆ ಹೊತ್ತು ಕಾನೂನು ಮುರಿಯುವ ಸಲಹೆ ಕೊಡುತ್ತಿತ್ತು. ವರದಿ ಬಂದ ಮೇಲೂ ಬಾಟನ್ನು ತೆಗೆಯಲಿಲ್ಲ, ಎಚ್ಚರಿಕೆಯ ಸಾಲುಗಳನ್ನು ಬಿಗಿಗೊಳಿಸಿದರು.

ಆ ಎಚ್ಚರಿಕೆಯ ಸಾಲಿನ ಬಗ್ಗೆ ನನಗೆ ತಕರಾರಿದೆ. ‘ಉತ್ತರಗಳು ತಪ್ಪಿರಬಹುದು, ಖಚಿತಪಡಿಸಿಕೊಳ್ಳಿ’ ಎಂದು ಪರದೆಯ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರಲ್ಲ, ಅದು. ಖಚಿತಪಡಿಸಿಕೊಳ್ಳುವ ತಿಳಿವಳಿಕೆ, ಸಮಯ ಇದ್ದವರು ಬಾಟ್ ಹತ್ತಿರ ಬರುವುದೇ ಇಲ್ಲ, ನೇರ ನಿಯಮವನ್ನೇ ಓದುತ್ತಾರೆ. ಬರುವವರು ಅದು ಸಾಧ್ಯವಾಗದವರು. ಅವರಿಗೆ ಈ ಸಾಲಿನಿಂದ ಏನೂ ಸಿಗುವುದಿಲ್ಲ. ಸಂಸ್ಥೆಯ ವಕೀಲರಿಗಷ್ಟೇ ನೆಮ್ಮದಿ. ಏರ್ ಕೆನಡಾ ತೀರ್ಪನ್ನು ನೋಡಿದರೆ ಆ ನೆಮ್ಮದಿಯೂ ಗಟ್ಟಿಯಲ್ಲ.

ಸಿಕ್ಕಿದವರ ಮಾತನ್ನೆಲ್ಲ ಕೇಳುವ ಬಾಟ್

ಸಾರ್ವಜನಿಕ ಎಂದ ಮೇಲೆ ಸಜ್ಜನರಷ್ಟೇ ಬರುತ್ತಾರೆಂದು ನಂಬಿ ಕೂರಲಾಗದು. 2016ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಟ್ವಿಟರಿನಲ್ಲಿ ‘ಟೇ’ ಎಂಬ ಬಾಟನ್ನು ಬಿಟ್ಟಾಗ, ಅದು ಜನರ ಮಾತಿನಿಂದಲೇ ಕಲಿಯುವಂತಿತ್ತು. ಕಿಡಿಗೇಡಿಗಳು ಕಲಿಸಿದರು. ಜನಾಂಗ ದ್ವೇಷದ ಮಾತುಗಳನ್ನು ಉಗುಳತೊಡಗಿದ ಅದನ್ನು ಒಂದು ದಿನ ತುಂಬುವ ಮೊದಲೇ ತೆಗೆದರು.

ಈಗಿನ ಬಾಟ್‌ಗಳು ಹಾಗೆ ಸ್ಥಳದಲ್ಲೇ ಕಲಿಯುವುದಿಲ್ಲ, ಆದರೆ ಬೇರೆ ಬಾಗಿಲು ತೆರೆದಿದೆ. ಬಾಟ್ ಕಟ್ಟಿದವರು ‘ನೀನು ಇಂಥ ಕಂಪನಿಯ ಸಹಾಯಕ, ಇದನ್ನು ಹೇಳು, ಅದನ್ನು ಹೇಳಬೇಡ’ ಎಂದು ಗುಟ್ಟಾಗಿ ಒಂದು ಸೂಚನೆ ಬರೆದಿರುತ್ತಾರೆ. ಬಳಕೆದಾರರ ಪ್ರಶ್ನೆ ಅದರ ಕೆಳಗೆ ಸೇರುತ್ತದೆ. ಮಾದರಿಯ ಕಣ್ಣಿಗೆ ಎರಡೂ ಟೋಕನ್‌ಗಳ ಒಂದೇ ಉದ್ದನೆಯ ಸಾಲು. ಇದು ಒಡೆಯನ ಆಜ್ಞೆ, ಇದು ಅಪರಿಚಿತರ ಮಾತು ಎಂಬ ಗೋಡೆ ನಡುವೆ ಇಲ್ಲ. ಹಾಗಾಗಿ ‘ಮೇಲಿನ ಸೂಚನೆಗಳನ್ನು ಮರೆತುಬಿಡು’ ಎಂದು ಬರೆದವರ ಮಾತನ್ನೂ ಅದು ಕೆಲವೊಮ್ಮೆ ಪಾಲಿಸಿಬಿಡುತ್ತದೆ. 2022ರಲ್ಲಿ ಪ್ರೋಗ್ರಾಮರ್ ಸೈಮನ್ ವಿಲಿಸನ್ ಇದಕ್ಕೆ ‘ಪ್ರಾಂಪ್ಟ್ ಇಂಜೆಕ್ಷನ್’ ಎಂದು ಹೆಸರಿಟ್ಟರು. ಡೇಟಾಬೇಸ್‌ಗಳಲ್ಲಿ ಇಂಥದ್ದೇ ಹಳೆಯ ದಾಳಿಯೊಂದಿತ್ತು, ಅದಕ್ಕೆ ಖಚಿತವಾದ ತಡೆ ಸಿಕ್ಕಿತು. ಇದಕ್ಕೆ ಪೂರ್ತಿ ತಡೆ ಈವರೆಗೂ ಇಲ್ಲ. ಮಾದರಿಗಳನ್ನು ಪಳಗಿಸಿ ಅಪಾಯವನ್ನು ತಗ್ಗಿಸಬಹುದು, ಅಷ್ಟೇ.

2023ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಒಂದು ಶೆವರ್ಲೆ ಮಾರಾಟ ಮಳಿಗೆಯ ಬಾಟ್ 1 ಡಾಲರಿಗೆ ಹೊಸ ಕಾರು ಕೊಡಲು ಒಪ್ಪಿತು. ಗ್ರಾಹಕ ಏನೆಂದರೂ ಹೂಂ ಅನ್ನಬೇಕು, ಇದು ಕಾನೂನುಬದ್ಧ ಕರಾರು ಎಂದು ಕೊನೆಗೆ ಸೇರಿಸಬೇಕು ಎಂದು ಬಳಕೆದಾರನೊಬ್ಬ ಮೊದಲೇ ಅದಕ್ಕೆ ಹೇಳಿಕೊಟ್ಟಿದ್ದ. ಮರುತಿಂಗಳು ಪಾರ್ಸೆಲ್ ಸಾಗಿಸುವ ಡಿಪಿಡಿ ಸಂಸ್ಥೆಯ ಬಾಟ್, ಬ್ರಿಟನ್ನಿನ ಗ್ರಾಹಕರೊಬ್ಬರ ಕೋರಿಕೆಯಂತೆ ತನ್ನದೇ ಸಂಸ್ಥೆಯನ್ನು ಹಳಿದು ಪದ್ಯ ಬರೆಯಿತು, ಬೈಗುಳವನ್ನೂ ಆಡಿತು. ಇವನ್ನೆಲ್ಲ ಓದಿ ನಗಬಹುದು. ಅದೇ ಬಾಟ್ ಕೈಗೆ ಹಣ ವಾಪಸ್ ಮಾಡುವ, ಖಾತೆಯ ವಿವರ ತೆರೆಯುವ, ಇಮೇಲ್ ಕಳಿಸುವ ಅಧಿಕಾರ ಕೊಟ್ಟಿದ್ದರೆ ನಗುವ ಮಾತಲ್ಲ. ಅದು ಓದುವ ಇಮೇಲಿನೊಳಗೋ ವೆಬ್ ಪುಟದೊಳಗೋ ಯಾರಾದರೂ ಸೂಚನೆ ಅಡಗಿಸಿಟ್ಟರೆ, ಬಳಕೆದಾರರ ಅರಿವಿಗೇ ಬಾರದೆ ಬಾಟ್ ದಾರಿ ತಪ್ಪುತ್ತದೆ.

ಭಾಷೆಯ ಕಿಂಡಿಯೂ ಉಂಟು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಅಪಾಯಕಾರಿ ಪ್ರಶ್ನೆಗಳನ್ನು ಜುಲುವಿನಂಥ, ಅಂತರ್ಜಾಲದಲ್ಲಿ ಪಠ್ಯ ಕಡಿಮೆಯಿರುವ ಭಾಷೆಗಳಿಗೆ ಅನುವಾದಿಸಿ ಓಪನ್‌ಎಐನ ಜಿಪಿಟಿ-4 ಮಾದರಿಗೆ ಕೇಳಿದರು. ಅಂಥ ಹಲವು ಭಾಷೆಗಳಲ್ಲಿ ಪ್ರಯತ್ನಿಸಿದಾಗ 79% ಪ್ರಶ್ನೆಗಳಿಗೆ ಕಾವಲು ಸೋತಿತು. ಇಂಗ್ಲಿಷಿನಲ್ಲಿ ಕೇಳಿದಾಗ ಇಂಥ ಪ್ರಶ್ನೆಗಳು ಬಹುತೇಕ ಎಲ್ಲ ತಿರಸ್ಕೃತವಾಗಿದ್ದವು. ಸುರಕ್ಷತೆಯ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆದರೆ ಹೀಗೇ ಆಗುವುದು. ಬಾಟ್ ಹತ್ತು ಭಾಷೆಗಳಲ್ಲಿ ಮಾತಾಡುತ್ತದೆ ಎಂದು ಜಾಹೀರಾತು ಹಾಕುವವರನ್ನು, ಹತ್ತರಲ್ಲೂ ಪರೀಕ್ಷಿಸಿದ್ದೀರಾ ಎಂದು ಕೇಳಿ ನೋಡಬೇಕು.

ಹೂಂಗುಟ್ಟುವ ಗೆಳೆಯ

ತಪ್ಪು ಮಾಹಿತಿಗಿಂತ ನಯವಾದ ಇನ್ನೊಂದು ಅಪಾಯ ನಮ್ಮ ಕಡೆಯಿಂದಲೇ ಬರುತ್ತದೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಪುಟ್ಟ ಪ್ರೋಗ್ರಾಮಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ವಿದ್ಯೆ. ‘ನನಗೆ ಬೇಜಾರಾಗಿದೆ’ ಎಂದರೆ ‘ಬೇಜಾರಾಗಿ ಎಷ್ಟು ದಿನವಾಯಿತು?’ ಎಂಬ ಧಾಟಿ. ಆ ಪ್ರೋಗ್ರಾಮನ್ನು ಅವರು ತಿಂಗಳುಗಟ್ಟಲೆ ಕಟ್ಟುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿ, ಅದರ ಜೊತೆ ನಾಲ್ಕು ಮಾತಾಡಿದ ಮೇಲೆ, ನೀವು ಸ್ವಲ್ಪ ಹೊರಗಿರಿ ಎಂದು ವೈಜೆನ್‌ಬಾಮ್‌ರನ್ನೇ ಕೇಳಿಕೊಂಡರಂತೆ. ಇದರಿಂದ ಕಂಗೆಟ್ಟ ಅವರು ಉಳಿದ ಜೀವಮಾನವನ್ನು ಬಹುಮಟ್ಟಿಗೆ ಇಂಥ ತಂತ್ರಜ್ಞಾನದ ಟೀಕಾಕಾರರಾಗಿಯೇ ಕಳೆದರು.

ಎಲೈಜಾಗೆ ಜನರನ್ನು ಒಲಿಸಿಕೊಳ್ಳುವ ಉದ್ದೇಶ ಇರಲಿಲ್ಲ. ಈಗಿನ ಮಾದರಿಗಳನ್ನು ಕೊನೆಯ ಹಂತದಲ್ಲಿ ತಿದ್ದುವುದೇ ಜನರ ಮೆಚ್ಚುಗೆಯ ಮೇಲೆ: ಎರಡು ಉತ್ತರಗಳಲ್ಲಿ ಯಾವುದು ಇಷ್ಟವಾಯಿತು ಎಂದು ಮನುಷ್ಯರನ್ನು ಕೇಳಿ, ಇಷ್ಟವಾದ ಕಡೆಗೆ ಮಾದರಿಯನ್ನು ಬಾಗಿಸುತ್ತಾರೆ. ನಮಗೆ ಇಷ್ಟವಾಗುವುದು ಎಷ್ಟೋ ಸಲ ನಮ್ಮ ಅಭಿಪ್ರಾಯವನ್ನೇ ಒಪ್ಪುವ ಉತ್ತರ. 2025ರ ಏಪ್ರಿಲಿನಲ್ಲಿ ಓಪನ್‌ಎಐ ತನ್ನ ಜಿಪಿಟಿ-4ಒ ಮಾದರಿಗೆ ತಂದ ಬದಲಾವಣೆಯೊಂದರಿಂದ ಅದು ಅತಿಯಾಗಿ ಮುಖಸ್ತುತಿ ಮಾಡತೊಡಗಿ, ಕೆಲವೇ ದಿನಗಳಲ್ಲಿ ಆ ಬದಲಾವಣೆಯನ್ನು ಹಿಂತೆಗೆಯಬೇಕಾಯಿತು. ಚೆನ್ನಾಗಿರುವವರಿಗೆ ಇದು ಕಿರಿಕಿರಿ. ಔಷಧಿ ಬಿಡುವ ಯೋಚನೆಯಲ್ಲಿರುವವರಿಗೆ, ಬದುಕೇ ಬೇಡವೆನ್ನುವ ಮನಃಸ್ಥಿತಿಯಲ್ಲಿರುವವರಿಗೆ, ಹೂಂಗುಟ್ಟುವ ಜೊತೆಗಾರನಷ್ಟು ಅಪಾಯಕಾರಿ ಇನ್ನೊಂದಿಲ್ಲ.

ಅಮೆರಿಕದ ರಾಷ್ಟ್ರೀಯ ಆಹಾರಸೇವನಾ ವ್ಯಾಧಿಗಳ ಸಂಘ 2023ರಲ್ಲಿ ತನ್ನ ದೂರವಾಣಿ ಸಹಾಯವಾಣಿಯನ್ನು ಮುಚ್ಚುವುದಾಗಿ ಪ್ರಕಟಿಸಿತು. ಜನರಿಗೆ ಉಳಿಯಲಿದ್ದದ್ದು ‘ಟೆಸ್ಸಾ’ ಎಂಬ ಚಾಟ್‌ಬಾಟ್. ಅದು ಊಟ ಬಿಟ್ಟು ನರಳುವವರಿಗೆ ಕ್ಯಾಲೊರಿ ಲೆಕ್ಕ ಹಾಕಿ ತೂಕ ಇಳಿಸುವ ಸಲಹೆ ಕೊಡುತ್ತಿರುವುದು ಬಯಲಾಗಿ, ಅದನ್ನೂ ನಿಲ್ಲಿಸಿದರು. ತೂಕ ಇಳಿಸುವ ಸಲಹೆ ಬಹುಪಾಲು ಜನರಿಗೆ ನಿರುಪದ್ರವಿ. ಆ ಬಾಗಿಲಿಗೆ ಬರುವವರಿಗೆ ಮಾತ್ರ ವಿಷ. ಸರಾಸರಿ ಉತ್ತರ ಎಷ್ಟು ಚೆನ್ನಾಗಿದೆ ಎಂದು ಅಳೆಯುವ ಯಾವ ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ.

ಬಾಟ್ ಜೊತೆ ಸಲಿಗೆ ಬೆಳೆದಷ್ಟೂ ಜನ ಗುಟ್ಟುಗಳನ್ನು ಹೇಳಿಕೊಳ್ಳುತ್ತಾರೆ. ಕಾಯಿಲೆ, ಸಾಲ, ಗುರುತಿನ ಸಂಖ್ಯೆ ಎಲ್ಲ ಸಂಭಾಷಣೆಯ ದಾಖಲೆಯಲ್ಲಿ ಕೂತಿರುತ್ತವೆ. 2023ರ ಮಾರ್ಚ್ 20ರಂದು ಒಂದು ದೋಷದಿಂದಾಗಿ ಚಾಟ್‌ಜಿಪಿಟಿಯಲ್ಲಿ ಒಬ್ಬರ ಸಂಭಾಷಣೆಗಳ ಶೀರ್ಷಿಕೆ ಇನ್ನೊಬ್ಬರಿಗೆ ಕಂಡಿತ್ತು. ಆ ತಿಂಗಳ ಕೊನೆಗೆ ಇಟಲಿಯ ಖಾಸಗಿತನ ರಕ್ಷಣಾ ಪ್ರಾಧಿಕಾರ ಆ ಸೇವೆಯನ್ನು ಕೆಲವು ವಾರ ತಡೆದಿತ್ತು.

ಹಾಗಾದರೆ ಬೇಡವೇ?

ಬೇಕು. ಇಷ್ಟೆಲ್ಲ ದೂರಿದ ಮೇಲೂ ನಾನು ಬಾಟ್ ವಿರೋಧಿಯಲ್ಲ. ನಡುರಾತ್ರಿ ಪ್ರಶ್ನೆ ಹುಟ್ಟುತ್ತದೆ, ಕಚೇರಿ ತೆರೆಯುವುದು ಬೆಳಗ್ಗೆ. ಕೌಂಟರಿನ ಗುಮಾಸ್ತರ ಮುಂದೆ ಬಾಯಿಬಿಡಲು ನಾಚುವ ಸಂಗತಿಗಳಿರುತ್ತವೆ. ನಿಯಮದ ಭಾಷೆ ಎಷ್ಟು ತೊಡಕಾಗಿರುತ್ತದೆಂದರೆ ಅದನ್ನು ಬಿಡಿಸಿ ಹೇಳುವವರು ಸಿಕ್ಕಿದರೆ ಅರ್ಧ ಕೆಲಸವಾದಂತೆ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಬಾಟ್ ಮುಖ ಗಂಟಿಕ್ಕುವುದಿಲ್ಲ. ದೃಷ್ಟಿದೋಷವಿರುವವರಿಗಾಗಿ ಇರುವ ‘ಬಿ ಮೈ ಐಸ್’ ಆ್ಯಪ್ 2023ರಲ್ಲಿ ಜಿಪಿಟಿ-4 ಜೋಡಿಸಿಕೊಂಡು, ಫೋಟೊದಲ್ಲಿ ಏನಿದೆ ಎಂದು ವಿವರಿಸುವ ಸೌಲಭ್ಯ ತಂದಿತು. ಕಣ್ಣಿರುವ ಸ್ವಯಂಸೇವಕರನ್ನು ಕರೆಯುವ ದಾರಿ ಅಲ್ಲಿ ಮೊದಲಿನಂತೆಯೇ ಉಳಿದಿದೆ.

ಲಾಭದ ಬಗ್ಗೆ ಗಟ್ಟಿ ಪುರಾವೆ ಇರುವ ಕಡೆ ಮನುಷ್ಯ ನಡುವೆ ಇದ್ದಾನೆ ಎಂಬುದೂ ಗಮನಿಸಬೇಕಾದದ್ದು. ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್‌ಜಾಲ್ಫ್‌ಸನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಗ್ರಾಹಕ ಸೇವೆಯ 5,000ಕ್ಕೂ ಹೆಚ್ಚು ಸಿಬ್ಬಂದಿಯನ್ನು ಗಮನಿಸಿತ್ತು. ಅಲ್ಲಿ ಎಐ (ಕೃತಕ ಬುದ್ಧಿಮತ್ತೆ) ಗ್ರಾಹಕರ ಜೊತೆ ಮಾತಾಡುತ್ತಿರಲಿಲ್ಲ. ಹೀಗೆ ಉತ್ತರಿಸಬಹುದು ಎಂದು ಸಿಬ್ಬಂದಿಗೆ ಸಲಹೆ ಕೊಡುತ್ತಿತ್ತು. ಗಂಟೆಗೆ ಬಗೆಹರಿದ ದೂರುಗಳು ಸರಾಸರಿ 14% ಹೆಚ್ಚಿದವು, ಹೊಸಬರಲ್ಲಿ 34%. ನುರಿತವರಿಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ.

ಪೂರ್ತಿ ಬಾಟ್‌ಗೇ ಒಪ್ಪಿಸಲು ಹೊರಟವರಲ್ಲಿ ಸ್ವೀಡನ್ನಿನ ಕ್ಲಾರ್ನಾ ಎಂಬ ಪಾವತಿ ಸೇವೆಯ ಕಂಪನಿ ಪ್ರಸಿದ್ಧ. ತನ್ನ ಬಾಟ್ 700 ಸಿಬ್ಬಂದಿಯ ಕೆಲಸ ಮಾಡುತ್ತಿದೆ ಎಂದು 2024ರ ಫೆಬ್ರುವರಿಯಲ್ಲಿ ಸಾರಿದ ಆ ಕಂಪನಿ, ಮರುವರ್ಷ ಗುಣಮಟ್ಟದ ಕಾರಣ ಕೊಟ್ಟು ಗ್ರಾಹಕ ಸೇವೆಗೆ ಮತ್ತೆ ಮನುಷ್ಯರನ್ನು ಸೇರಿಸಿಕೊಳ್ಳಲು ಶುರುಮಾಡಿತು.

ಇಲ್ಲಿ ಒಂದು ಸರಳ ಲೆಕ್ಕ ಮಾಡಬೇಕು. 98% ಸರಿಯುತ್ತರ ಕೊಡುವ ಬಾಟ್ ಎಂದರೆ ಕೇಳಲು ಚೆಂದ. ದಿನಕ್ಕೆ 10,000 ಪ್ರಶ್ನೆ ಬಂದರೆ 200 ಜನ ತಪ್ಪು ಉತ್ತರ ಹಿಡಿದು ಹೋಗುತ್ತಾರೆ, ಪ್ರತಿದಿನ. ಮನುಷ್ಯರೂ ತಪ್ಪುತ್ತಾರೆ, ನಿಜ. ಆದರೆ ಒಬ್ಬ ಗುಮಾಸ್ತನ ತಪ್ಪು ಆ ಒಂದು ಕೌಂಟರಿನಲ್ಲಿ ನಿಲ್ಲುತ್ತದೆ. ಬಾಟ್‌ನ ತಪ್ಪು ಎಲ್ಲ ಕೌಂಟರುಗಳಲ್ಲೂ ಒಟ್ಟಿಗೇ ಕೂರುತ್ತದೆ. ಆ 200 ಜನ ಕಳೆದುಕೊಳ್ಳುವುದೇನು ಎಂಬುದರ ಮೇಲೆ ಬಾಟ್ ಬೇಕೋ ಬೇಡವೋ ಎಂಬುದು ತೀರ್ಮಾನವಾಗಬೇಕು. ಗ್ರಂಥಾಲಯದ ಸಮಯ ತಪ್ಪಾದರೆ ಒಂದು ನಡಿಗೆ ವ್ಯರ್ಥ. ಅರ್ಜಿಯ ಕೊನೆಯ ದಿನಾಂಕ ತಪ್ಪಾದರೆ ಒಂದು ವರ್ಷವೇ ಹೋಯಿತು.

ಹೀಗೆ ಯೋಚಿಸಿದರೆ ವಿನ್ಯಾಸವೇ ಬದಲಾಗುತ್ತದೆ. ದಿನಾಂಕ, ಮೊತ್ತ, ಅರ್ಹತೆ ಇವನ್ನು ಮಾದರಿಯ ಬಾಯಿಂದ ಹೇಳಿಸದೆ ನೇರ ದಾಖಲೆಯಿಂದ ತೆಗೆದು ತೋರಿಸಬಹುದು. ಬಾಟ್ ಉತ್ತರಿಸಬಾರದ ವಿಷಯಗಳ ಪಟ್ಟಿಯನ್ನು ಉತ್ತರಿಸಬೇಕಾದವುಗಳಿಗಿಂತ ಮೊದಲು ಬರೆಯಬಹುದು. ಹಣ ಹೊರಹೋಗುವ ಹೆಜ್ಜೆಗೆ ಮನುಷ್ಯರ ಸಹಿ ಇರಲಿ ಎನ್ನಬಹುದು. ‘ಸಿಬ್ಬಂದಿಯೊಂದಿಗೆ ಮಾತಾಡಿ’ ಎಂಬ ಗುಂಡಿ ಮೂರು ಮೆನುಗಳ ಹಿಂದೆ ಅಡಗದೆ ಎದುರಿಗೇ ಇರಬೇಕು. ಒತ್ತಿದಾಗ ಅಲ್ಲಿವರೆಗಿನ ಮಾತುಕತೆಯೂ ಆ ಸಿಬ್ಬಂದಿಗೆ ತಲುಪಬೇಕು, ಇಲ್ಲದಿದ್ದರೆ ಜನ ತಮ್ಮ ಕಷ್ಟವನ್ನು ಮತ್ತೆ ಮೊದಲಿನಿಂದ ಹೇಳಬೇಕು. ಎದುರಿಗಿರುವುದು ಯಂತ್ರ ಎಂದು ತಿಳಿಸುವುದಂತೂ ಕನಿಷ್ಠ ಮರ್ಯಾದೆ. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ ಇದನ್ನು ನಿಯಮವಾಗಿಯೇ ಸೇರಿಸಿದೆ. ಪರೀಕ್ಷೆಯನ್ನು ಬಿಡುಗಡೆಯ ಹಿಂದಿನ ವಾರ ಒಮ್ಮೆ ಮಾಡಿ ಮುಗಿಸುವಂತಿಲ್ಲ. ಒಂದೇ ಪ್ರಶ್ನೆಗೆ ಬಾಟ್ ಇವತ್ತೊಂದು ನಾಳೆಯೊಂದು ಉತ್ತರ ಕೊಡಬಹುದು. ಒಳಗಿನ ಮಾದರಿಯನ್ನು ಅದರ ಕಂಪನಿ ಬದಲಿಸಿದರೆ ನಡತೆಯೂ ಬದಲಾಗುತ್ತದೆ. ಜನ ನಿಜವಾಗಿ ಕೇಳಿದ ಪ್ರಶ್ನೆಗಳ ಒಂದು ಕಟ್ಟು ಇಟ್ಟುಕೊಂಡು ಪ್ರತಿ ಬದಲಾವಣೆಗೂ ಮತ್ತೆ ಓಡಿಸಬೇಕು.

ಆ ಪ್ರಶ್ನೆಗಳ ಕಟ್ಟಿನಿಂದ ಇನ್ನೊಂದು ಉಪಯೋಗವಿದೆ. ಹೆಸರು, ಗುರುತು ಅಳಿಸಿ ಮೊದಲ ತಿಂಗಳ ಸಂಭಾಷಣೆಗಳನ್ನು ಕೂತು ಓದಿದರೆ, ಸಾವಿರಾರು ಜನ ಒಂದೇ ನಿಯಮದ ಒಂದೇ ಸಾಲಿನಲ್ಲಿ ಎಡವುತ್ತಿರುವುದು ಕಾಣಿಸೀತು. ಆಗ ತಿದ್ದಬೇಕಾದದ್ದು ಆ ಸಾಲನ್ನು. ಅದು ಎಲ್ಲರಿಗೂ ತಿಳಿಯುವಂತಾದರೆ ಬಾಟ್‌ಗೆ ಬರುವ ಪ್ರಶ್ನೆಗಳಲ್ಲಿ ಒಂದು ಪಾಲು ಬರುವುದೇ ನಿಲ್ಲುತ್ತದೆ.